ಪಾತ್ರಚಿತ್ರಣದಲ್ಲಿ ವರ್ಣವಿವೇಕ

ಮಕ್ಕಳಿಗಾಗಿ ಸಂಕ್ಷೇಪಿಸಿದ ಭಾರತಕಥೆಯೊಂದರ ಚಿತ್ರಗಳನ್ನು ಪರಿಶೀಲಿಸುವ ಹೊಣೆ ಕೆಲಕಾಲದ ಹಿಂದೆ ನಮ್ಮಲ್ಲಿ ನಾಲ್ವರ ಪಾಲಿಗೆ ಬಂದಿತು. ಚಿತ್ರಕಾರನು ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದ ಕನ್ನಡದ ತರುಣ. ಕಾಗದ ಕುಂಚಗಳ ಗೊಡವೆಯಿಲ್ಲದೆ ಗಣಕಯಂತ್ರದ ಪರದೆಯ ಮೇಲೆಯೇ ಬರೆಯುವವನು. ರೇಖೆಯಲ್ಲಿ ಅವನ ಕೈ ಚೆನ್ನಾಗಿ ಪಳಗಿತ್ತು. ಆದರೆ ಯಜ್ಞವೇದಿಯಿಂದ ಏಳುತ್ತಿರುವ ದ್ರೌಪದಿಯನ್ನು ಕಂಡು ನನಗೆ ಸೋಜಿಗವಾಯಿತು. ಮೈಬಣ್ಣದಿಂದಲೇ ‘ಕೃಷ್ಣೆ’ ಎಂದು ಹೆಸರಾದವಳು ಅಲ್ಲಿ ಹಾಲುಕೆನೆಯ ಬಣ್ಣದವಳಾಗಿದ್ದಳು. ಕಾರಣವನ್ನು ಕೇಳಿದೆ. “ಕಪ್ಪು ಮುಖ ಪರದೆಯ ಮೇಲೆ ಎದ್ದು ಕಾಣುವುದಿಲ್ಲ ಸರ್; ಕಣ್ಣು ಮೂಗು ಒಂದೂ ತೋರುವುದಿಲ್ಲ” ಎಂದನು. ಈ ಉತ್ತರ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

ಗಣಕದ ಪರದೆಯಲ್ಲಿ ಬಣ್ಣವೆಂದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳ ಮಿಶ್ರಣ. ಸಾಮಾನ್ಯ ಬಳಕೆಯಲ್ಲಿ ಒಂದೊಂದಕ್ಕೂ 256 ಮೆಟ್ಟಿಲುಗಳು. ಒಟ್ಟು 1,67,77,216 ಬಣ್ಣಗಳು. ಇಷ್ಟು ಸಂಪತ್ತು ಹಿಂದಿನ ಯಾವ ಚಿತ್ರಕಾರನಿಗೂ ಇರಲಿಲ್ಲ. ಆದರೆ ಸಂಪತ್ತು ಹೆಚ್ಚಿದಲ್ಲಿ ವಿವೇಕವೂ ಹೆಚ್ಚಬೇಕಾಗುತ್ತದೆ. ಬಣ್ಣವನ್ನು ಆರಿಸಲು ಇಂದಿನ ಚಿತ್ರಕಾರರು ಬಹುವಾಗಿ ಬಳಸುವ ಕ್ರಮ 1978ರಲ್ಲಿ ಆಲ್ವಿ ರೇ ಸ್ಮಿತ್ ಪ್ರಕಟಿಸಿದ್ದು. ಅದರಲ್ಲಿ ಬಣ್ಣದ ಜಾತಿ, ಅದರ ಗಾಢತೆ, ಅದರ ಪ್ರಕಾಶ ಎಂಬ ಮೂರು ಅಳತೆಗಳಿವೆ. ಅಚ್ಚ ಹಳದಿಗೂ ಅಚ್ಚ ನೀಲಿಗೂ ಈ ಕ್ರಮ ಒಂದೇ ಪ್ರಕಾಶವನ್ನು, ಪೂರ್ತಿ ನೂರು ಅಂಶವನ್ನು, ಬರೆದುಕೊಡುತ್ತದೆ. ಕಣ್ಣಿನ ಲೆಕ್ಕ ಬೇರೆ. ಬಿಳಿಯ ಹೊಳಪನ್ನು ನೂರೆಂದು ಹಿಡಿದರೆ ಪರದೆಯ ಹಳದಿ ಸುಮಾರು 93, ನೀಲಿ ಕೇವಲ 7. ಲೆಕ್ಕದ ಪುಸ್ತಕದಲ್ಲಿ ಸರಿಯಾಗಿ ಕೂಡಿದ ಮೊತ್ತ ಪೆಟ್ಟಿಗೆಯ ಹಣಕ್ಕೆ ಹೊಂದದಿರುವುದನ್ನು ಬ್ಯಾಂಕಿನ ಕೆಲಸದಲ್ಲಿ ಕಂಡಿರುವ ನನಗೆ ಇದು ಹೊಸದೆನಿಸಲಿಲ್ಲ. ಅಂಕಿಯನ್ನು ನಂಬಿ ಕಣ್ಣನ್ನು ಮರೆತ ಚಿತ್ರಕಾರನಿಗೆ ಪಾತ್ರವು ಹಿನ್ನೆಲೆಯಲ್ಲಿ ಕರಗಿಹೋಗುವುದರ ಕಾರಣವೇ ತಿಳಿಯದು.

ನಮ್ಮ ಪೂರ್ವಿಕರಿಗೆ ಈ ಎಚ್ಚರವಿತ್ತು. ನಾಟ್ಯಶಾಸ್ತ್ರದ ಆಹಾರ್ಯಪ್ರಕರಣದಲ್ಲಿ ಭರತನು ಬಿಳುಪು, ನೀಲ, ಹಳದಿ, ಕೆಂಪು ಎಂಬ ನಾಲ್ಕನ್ನೇ ಮೂಲವರ್ಣಗಳೆಂದು ಹೇಳಿ, ಅವುಗಳ ಬೆರಕೆಯಿಂದ ಉಳಿದವನ್ನು ಪಡೆಯುವ ರೀತಿಯನ್ನು ತಿಳಿಸುತ್ತಾನೆ. ಎಲ್ಲ ಬಣ್ಣಗಳಲ್ಲಿಯೂ ನೀಲವೇ ಬಲಿಷ್ಠವಾದುದರಿಂದ ಅದನ್ನು ಒಂದು ಪಾಲಿನಷ್ಟೇ ಬೆರೆಸಬೇಕೆಂಬುದು ಅವನ ವಿಧಿ. ಅವನು ಹೇಳಿದ್ದು ಅರೆದ ಬಣ್ಣದ ಮಾತು, ನಾವು ಆಡುತ್ತಿರುವುದು ಬೆಳಕಿನ ಮಾತು. ಕಾರಣಗಳು ಬೇರೆಯಾದರೂ ಎಚ್ಚರ ಒಂದೇ. ಬಣ್ಣಬಣ್ಣಗಳ ಬಲ ಸಮವಲ್ಲ. ಒಂದರ ಬಲವನ್ನು ಇನ್ನೊಂದರ ಸನ್ನಿಧಿಯಲ್ಲಿಯೇ ತೂಗಬೇಕು. ತೆಂಕುತಿಟ್ಟಿನ ಯಕ್ಷಗಾನದ ಬಣ್ಣದ ವೇಷವನ್ನು ನೆನೆಯಿರಿ. ಕೆಂಪು ಕಪ್ಪುಗಳ ಮುಖದ ಮೇಲೆ ಬೆಳ್ಳನೆಯ ಚಿಟ್ಟಿಯ ಸಾಲು. ದೊಂದಿಯ ಮಂದವಾದ ಬೆಳಕಿನಲ್ಲಿ ದೂರದ ಪ್ರೇಕ್ಷಕನಿಗೂ ಆ ರಾಕ್ಷಸನ ಹುಬ್ಬಿನ ಕೊಂಕು ತಪ್ಪದೆ ಕಾಣುತ್ತಿತ್ತು. ಆ ಮುಖವನ್ನು ಬೆಳ್ಳಗೆ ಮಾಡಬೇಕೆಂದು ಯಾವ ವೇಷಧಾರಿಗೂ ತೋರಲಿಲ್ಲ.

ಹಾಗಾದರೆ ನಮ್ಮ ತರುಣನ ಉತ್ತರದಲ್ಲಿ ಅರ್ಧ ಸತ್ಯವಿದೆ. ಕಪ್ಪು ಮುಖ ಕಪ್ಪು ಹಿನ್ನೆಲೆಯಲ್ಲಿ ಕಾಣದು ನಿಜ. ಬಿಳಿಯ ಮುಖವೂ ಬಿಳಿಯ ಹಿನ್ನೆಲೆಯಲ್ಲಿ ಕಾಣದು. ಕಾಣುವಿಕೆ ಎರಡು ಬಣ್ಣಗಳ ಸಂಬಂಧದಿಂದ ಹುಟ್ಟುವ ಗುಣ. ಅಂದಮೇಲೆ ಮೈಬಣ್ಣವನ್ನು ಬದಲಿಸಿದುದೇಕೆ, ಹಿನ್ನೆಲೆಯನ್ನೇಕೆ ಬದಲಿಸಲಿಲ್ಲ? ಇನ್ನೂ ಒಂದು ಸಾಕ್ಷಿ ಅದೇ ಪುಸ್ತಕದಲ್ಲಿತ್ತು. ಅವನ ಶ್ರೀಕೃಷ್ಣನು ಗಾಢವಾದ ನೀಲಿ. ಆದರೂ ಅವನ ಕಣ್ಣು, ಮುಗುಳುನಗೆ ಎಲ್ಲವೂ ಸ್ಪಷ್ಟ. ನೀಲಿಯ ಮುಖಕ್ಕೆ ಸಾಧ್ಯವಾದುದು ಕಂದುಮುಖಕ್ಕೆ ಅಸಾಧ್ಯವಾಗಲು ಯಂತ್ರದಲ್ಲಿ ಕಾರಣವಿಲ್ಲ. ಕಾರಣ ನಮ್ಮ ಕಣ್ಣಿನ ರೂಢಿಯಲ್ಲಿದೆ. ಈ ರೂಢಿಯ ಬೇರು ನಮ್ಮ ನಗರದಲ್ಲಿಯೂ ಇದೆ. 1894ರಲ್ಲಿ ಇಲ್ಲಿ ಸ್ಥಾಪಿತವಾದ ರವಿವರ್ಮರ ಮುದ್ರಣಾಲಯ ಗೌರವರ್ಣದ ಲಕ್ಷ್ಮೀ ಸರಸ್ವತಿಯರನ್ನು ಮನೆಮನೆಯ ಗೋಡೆಗೆ ತಲಪಿಸಿತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು 1967ರಲ್ಲಿ ಇಲ್ಲಿಂದಲೇ ಆರಂಭಿಸಿದ ಅಮರ ಚಿತ್ರಕಥೆ, ಪುರಾಣವನ್ನು ಮಕ್ಕಳ ಕೈಗೆ ಕೊಟ್ಟ ಮಹೋಪಕಾರದೊಡನೆಯೇ, ಬಿಳಿಯ ನಾಯಿಕೆ ಕರಿಯ ರಕ್ಕಸ ಎಂಬ ಜೋಡಿಯನ್ನೂ ಬಹುಕಾಲ ಉಳಿಸಿಕೊಂಡಿತು. ಇವರ ಋಣವನ್ನು ನಾನು ಮರೆತಿಲ್ಲ. ಬಾಲ್ಯದಲ್ಲಿ ಆ ಪುಟಗಳಿಂದಲೇ ಭಾರತವನ್ನು ಕಲಿತವನು ನಾನು. ಆದರೆ ಋಣವನ್ನು ಒಪ್ಪುವುದೂ ದೋಷವನ್ನು ಮುಂದುವರಿಸುವುದೂ ಒಂದೇ ಆಗಲಾರದು.

ತರುಣನು ಮುನಿಯದೆ ಚಿತ್ರವನ್ನು ತಿರುಗಿ ಬರೆದನು. ಮೊದಲು ಬಣ್ಣವನ್ನೆಲ್ಲ ತೆಗೆದು, ಬರಿಯ ಬೂದು ಛಾಯೆಗಳಲ್ಲಿ ಬೆಳಕು ನೆರಳುಗಳನ್ನು ಹಂಚಿದನು. ದ್ರೌಪದಿಯ ಮೈ ಗಾಢವಾದ ಕಂದು. ಹಿಂದೆ ತೆಳುಬೂದಿಯ ಹೊಗೆ. ಉಟ್ಟದ್ದು ಮಾಸಲು ಹಳದಿ. ಮೈಯ ನೆರಳಿಗೆ ಕರಿಯನ್ನು ಬೆರೆಸಿದರೆ ಅದು ಮಸಿಯಂತಾಗುವುದನ್ನು ಕಂಡು, ಅಲ್ಲಿ ನೇರಿಳೆಯ ಛಾಯೆಯನ್ನು ತಂದನು. ವೇದಿಯ ಉರಿಯ ಕಿತ್ತಳೆಯನ್ನು ಕೆನ್ನೆ ಮತ್ತು ಭುಜದ ಅಂಚಿಗೆ ಮಾತ್ರ ಮುಟ್ಟಿಸಿದನು. ಈಗ ಅವಳ ಕಣ್ಣುಗಳು ಮೊದಲಿಗಿಂತಲೂ ತೀಕ್ಷ್ಣವಾಗಿ ಕಂಡವು. ಅವಳು ಬೆಂಕಿಯಿಂದ ಬಂದವಳೆಂಬುದೂ ಈಗಲೇ ತಿಳಿಯಿತು. ಕುಂದೊಂದು ಉಳಿಯಿತು. ಪರದೆಯ ಬೆಳಕಿನ ಕಿತ್ತಳೆ ಅಚ್ಚಿನ ಮಸಿಗೆ ಎಟುಕದೆ, ಪುಸ್ತಕದಲ್ಲಿ ಉರಿ ಸ್ವಲ್ಪ ಮಂಕಾಯಿತು. ಮುದ್ರಣಕ್ಕೆಂದು ಬರೆಯುವವರು ಮುದ್ರಣದ ಬಣ್ಣಗಳ ಮಿತಿಯನ್ನು ಮೊದಲೇ ಅರಿತು ಹೊರಡುವುದು ಲೇಸು.

ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳು ಪಂಪ ಕುಮಾರವ್ಯಾಸರನ್ನು ಓದುವುದಕ್ಕೆ ಎಷ್ಟೋ ಮುಂಚೆ ಇಂಥ ಚಿತ್ರಗಳಲ್ಲಿ ಪಾಂಚಾಲಿಯನ್ನು ಕಾಣುತ್ತಾರೆ. ಕಂಡ ಮುಖವೇ ಮನಸ್ಸಿನಲ್ಲಿ ನಿಲ್ಲುತ್ತದೆ. ಒಂದು ಕೋಟಿ ಅರುವತ್ತೇಳು ಲಕ್ಷಕ್ಕೂ ಮೀರಿದ ಬಣ್ಣಗಳಲ್ಲಿ ಕೃಷ್ಣೆಗೆ ಅವಳದೇ ಬಣ್ಣವೊಂದು ದೊರೆಯದೆಂದರೆ, ಆ ಬಡತನ ಯಂತ್ರದ್ದೆಂದು ನಾನು ಒಪ್ಪಲಾರೆ.