ಬಾಳೆಹಣ್ಣಿನ ಸುತ್ತ ಸುಳ್ಳು ಕೂಗು

ಮಂಗಗಳು ಒಂದನ್ನೊಂದು ಏಮಾರಿಸುತ್ತವೆ ಎನ್ನಲು ಕಥೆಗಳಿಗೆ ಎಂದೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಎಣಿಸಿ ತೋರಿಸಿದ ಪುರಾವೆಗೆ. ಕೆನ್ಯಾದ ಅಂಬೋಸೆಲಿಯಲ್ಲಿ ವರ್ವೆಟ್ ಮಂಗಗಳನ್ನು ವರ್ಷಗಟ್ಟಲೆ ಗಮನಿಸಿದ ಡೊರೊತಿ ಚೀನಿ ಮತ್ತು ರಾಬರ್ಟ್ ಸೇಫಾರ್ತ್ ಕಿಟುಯಿ ಎಂಬ ಗಂಡಿನ ಪ್ರಸಂಗವನ್ನು ಹೇಳಿದ್ದಾರೆ. ಹೊರಗಿನ ಗಂಡೊಂದು ಗುಂಪಿಗೆ ಸೇರಲು ಬಂದರೆ ಸಾಕು, ಕಿಟುಯಿ ಚಿರತೆ ಬಂದಾಗಿನ ಕೂಗು ಹಾಕಿ ಅದನ್ನು ಮರಕ್ಕೆ ಓಡಿಸುತ್ತಿತ್ತು. ಆಮೇಲೆ ಅದೇ ಕೂಗು ಹಾಕುತ್ತ ತಾನೇ ಮರದಿಂದಿಳಿದು ಬಯಲಿನಲ್ಲಿ ನಡೆದುಬಿಡುತ್ತಿತ್ತು! ಓದಲು ಸೊಗಸಾದ ಪ್ರಸಂಗ, ನಿಜ. ಆದರೆ ಒಂದು ಮಂಗದ ನಡೆಯಿಂದ ಒಂದು ಜಾತಿಯ ಬುದ್ಧಿಯನ್ನು ಅಳೆಯಲಾಗದು. ಆಂಡ್ರ್ಯೂ ವೈಟನ್ ಮತ್ತು ರಿಚರ್ಡ್ ಬರ್ನ್ 1988ರಲ್ಲಿ ಇಂಥ ಪ್ರಸಂಗಗಳನ್ನು ಕಲೆಹಾಕಿ ಪ್ರಕಟಿಸಿದಾಗಲೂ ಬಂದ ಮುಖ್ಯ ಆಕ್ಷೇಪ ಇದೇ.

ಬ್ರ್ಯಾಂಡನ್ ವೀಲರ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಮುಖ್ಯವೆನಿಸುವುದು ಈ ಹಿನ್ನೆಲೆಯಲ್ಲಿ. ಅರ್ಜೆಂಟೀನಾದ ಇಗ್ವಾಸು ರಾಷ್ಟ್ರೀಯ ಉದ್ಯಾನದ ಕಾಡು ಕ್ಯಾಪುಚಿನ್ ಕೋತಿಗಳು ಅವರ ವಸ್ತು. ನೆಲದ ಮೇಲೆ ಕಾಡುಬೆಕ್ಕೋ ಹಾವೋ ಕಂಡರೆ ಇವು ಬಿಕ್ಕಳಿಕೆಯಂಥ ಚಿಕ್ಕ ಕೂಗು ಹಾಕುತ್ತವೆ. ಸಂಶೋಧಕರು ಅದನ್ನು ‘ಹಿಕಪ್’ ಎಂದೇ ಕರೆಯುತ್ತಾರೆ. ವೀಲರ್ ಮರದ ಕೊಂಬೆಗಳಿಗೆ ಹಲಗೆಗಳನ್ನು ತೂಗುಹಾಕಿ, ಮೇಲೆ ಬಾಳೆಹಣ್ಣಿನ ತುಂಡುಗಳನ್ನಿಟ್ಟರು. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಒಮ್ಮೆ ಒಂದೆಡೆ ಗುಡ್ಡೆ, ಒಮ್ಮೆ ಹರಡಿ. ಗುಡ್ಡೆ ಹಾಕಿದ ಹಣ್ಣನ್ನು ಬಲಿಷ್ಠ ಕೋತಿಗಳು ಸುತ್ತುವರಿದು ಬೇರೆಯವನ್ನು ದೂರವಿಡಬಹುದು, ಹರಡಿದ್ದನ್ನು ಹಾಗೆ ಕಾಯಲಾಗದು. ಹಣ್ಣು ಗುಡ್ಡೆಯಾಗಿದ್ದಾಗ ಪಕ್ಕದ ಕೊಂಬೆಯಲ್ಲಿ ಕಾಯುವ ದುರ್ಬಲ ಕೋತಿ, ಯಾವ ಬೆಕ್ಕೂ ಇಲ್ಲದೆ ಹಿಕಪ್ ಹಾಕುತ್ತದೆ. ತಿನ್ನುತ್ತಿದ್ದವು ಬೆದರಿ ಜಿಗಿದರೆ ಹಲಗೆ ಬರಿದಾಗುತ್ತದೆ, ಕೂಗಿದ ಕೋತಿಗೆ ಹಣ್ಣು ಸಿಗುತ್ತದೆ.

ಈ ಪ್ರಬಂಧದ ಬಲ ಬರೀ ಇಂಥ ದೃಶ್ಯದಲ್ಲಿಲ್ಲ. ಕೂಗು ನಿಜಕ್ಕೂ ಮೋಸದ್ದಾದರೆ ಏನೇನು ಕಾಣಬೇಕು ಎಂದು ವೀಲರ್ ಮೊದಲೇ ನಾಲ್ಕು ನಿರೀಕ್ಷೆಗಳನ್ನು ಹಾಕಿಕೊಂಡರು. ದುರ್ಬಲ ಕೋತಿಗಳೇ ಹೆಚ್ಚು ಕೂಗಬೇಕು. ಕಿತ್ತಾಟಕ್ಕೆ ಆಸ್ಪದವಿರುವಲ್ಲಿ ಕೂಗು ಹೆಚ್ಚಬೇಕು. ಕೂಗುವ ಕೋತಿ ಲಾಭ ಪಡೆಯಬಲ್ಲಷ್ಟು ಹತ್ತಿರವಿರಬೇಕು. ಈ ಮೂರೂ ನಿಜವಾದವು. ಆಹಾರ ಕಡಿಮೆಯಿದ್ದಾಗ ಕೂಗು ಹೆಚ್ಚಬೇಕು ಎಂಬ ನಾಲ್ಕನೆಯದು ನಿಲ್ಲಲಿಲ್ಲ. ಹಣ್ಣು ಹೆಚ್ಚಿದ್ದಾಗಲೇ ಕೂಗು ತುಸು ಹೆಚ್ಚಿತ್ತು, ಆ ವ್ಯತ್ಯಾಸ ಸಂಖ್ಯಾಶಾಸ್ತ್ರದ ಒರೆಗೆ ನಿಲ್ಲುವಷ್ಟಿರಲಿಲ್ಲ. ಕೂಗುವ ಕೋತಿಗೆ ಉದ್ದೇಶವಿತ್ತೇ ಎಂಬುದು ಇನ್ನೂ ತಿಳಿಯಬೇಕಾದ ವಿಷಯ ಎಂದೂ ಪ್ರಬಂಧವೇ ಹೇಳುತ್ತದೆ. ಕೈತಪ್ಪಿದ ನಿರೀಕ್ಷೆಯನ್ನು ಮರೆಮಾಡದ, ತೋರಿಸಿದಷ್ಟನ್ನೇ ಹೇಳುವ ಈ ಬರವಣಿಗೆಗೆ ನನ್ನ ಪೂರ್ಣ ಗೌರವವಿದೆ.

ಆದರೂ 2009ರ ಪ್ರಬಂಧ ಒಂಟಿಯಾಗಿ ನಿಂತರೆ ಒಂದು ದೊಡ್ಡ ಸಂದೇಹ ಹಾಗೇ ಉಳಿಯುತ್ತದೆ. ಹಸಿದು, ಬೆದರಿ, ಹಣ್ಣಿನ ಎದುರೇ ಕಾಯುವ ಕೋತಿ ಕೂಗಿದ್ದು ಬರೀ ಒತ್ತಡದಿಂದಿರಬಾರದೇಕೆ? ಲಾಭವಾಯಿತು ಎಂದ ಮಾತ್ರಕ್ಕೆ ಹೂಟ ಹೂಡಿತು ಎಂದಲ್ಲವಲ್ಲ. ವೀಲರ್ ಈ ಪ್ರಶ್ನೆಯನ್ನು ಬೇರೆಯವರಿಗೆ ಬಿಡಲಿಲ್ಲ. 2014ರಲ್ಲಿ ಬಾರ್ಬರಾ ಟಿಡ್ಡಿ ಮತ್ತು ಮೈಕೆಲ್ ಹೈಸ್ಟರ್‌ಮನ್ ಜೊತೆ ಸೇರಿ, ಕೋತಿಗಳ ಮಲದಲ್ಲಿ ಒತ್ತಡದ ಹಾರ್ಮೋನಿನ ಕುರುಹನ್ನು ಅಳೆದರು. ಪೈಪೋಟಿಯ ಒತ್ತಡ ಈ ಸುಳ್ಳು ಕೂಗಿಗೆ ಕಾರಣ ಎನ್ನಲಾಗದು ಎಂಬುದು ಅವರಿಗೆ ಸಿಕ್ಕ ಉತ್ತರ. ಇದರಿಂದ ಉದ್ದೇಶ ಸಿದ್ಧವಾಗುವುದಿಲ್ಲ, ಒಂದು ಸರಳ ವಿವರಣೆಯ ದಾರಿ ಮುಚ್ಚುತ್ತದೆ ಅಷ್ಟೆ.

ನನಗೆ ಅದಕ್ಕಿಂತ ಹಿಡಿಸಿದ್ದು ಕೇಳುವ ಕೋತಿಗಳ ಕುರಿತ ಕೆಲಸ. ಕೂಗಿದಾಗಲೆಲ್ಲ ಎಲ್ಲವೂ ಓಡುವುದಿಲ್ಲ. ಹಣ್ಣಿನ ಸುತ್ತ ಪೈಪೋಟಿಯಿರುವಾಗ ಅವು ಎಷ್ಟೋ ಸಲ ಹಿಕಪ್‌ಗೆ ಕಿವಿಗೊಡದೆ ತಿನ್ನುತ್ತಲೇ ಇರುತ್ತವೆ. ಹಾಗಾದರೆ ಸುಳ್ಳು ಕೂಗಿನ ದನಿಯೇ ಬೇರೆಯೇ? 2013ರಲ್ಲಿ ವೀಲರ್ ಮತ್ತು ಕರ್ಟ್ ಹ್ಯಾಮರ್‌ಶ್ಮಿಟ್ ಎರಡೂ ಬಗೆಯ ಕೂಗುಗಳನ್ನು ಹೋಲಿಸಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಪೈಪೋಟಿಯಿಲ್ಲದ ಹೊತ್ತಿನಲ್ಲಿ ಅವುಗಳ ಧ್ವನಿಮುದ್ರಣ ಕೇಳಿಸಿದಾಗ, ನಿಜದ ಕೂಗಿಗೆ ಎಷ್ಟು ಬೆದರಿದವೋ ಸುಳ್ಳಿಗೂ ಅಷ್ಟೇ ಬೆದರಿದವು. ಎಂದರೆ, ಕೋತಿ ನಂಬುವುದೋ ಬಿಡುವುದೋ ಕೂಗು ಬಂದ ಸಂದರ್ಭವನ್ನು ಅವಲಂಬಿಸಿದೆ. ಪತ್ರಿಕೆಗಳಿಗೆ ‘ಸುಳ್ಳುಗಾರ ಕೋತಿ’ ಒಳ್ಳೆಯ ಶೀರ್ಷಿಕೆಯಾದೀತು, ಆದರೆ ಕೇಳುಗನ ಈ ಎಚ್ಚರವೇ ಇಡೀ ಸಂಶೋಧನೆಯ ತಿರುಳು ಎಂದು ನನ್ನ ಅಭಿಪ್ರಾಯ.

ಮಿತಿಗಳೂ ಇವೆ. ಹಲಗೆಯ ಮೇಲಿನ ಬಾಳೆಹಣ್ಣು ಮನುಷ್ಯ ಇಟ್ಟದ್ದು. ಕಾಡಿನ ಹಣ್ಣು ಇಷ್ಟು ಅಚ್ಚುಕಟ್ಟಾಗಿ ಒಂದೆಡೆ ಸಿಗುವುದು ಅಪರೂಪ. ನಮ್ಮಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು ಬಂಡೀಪುರದ ಮಂಗಗಳು ಮನುಷ್ಯರಿಂದ ತಿನಿಸು ಬೇಡಲು ಕೈಚಾಚಿ, ವಿಶೇಷ ದನಿ ತೆಗೆಯುವುದನ್ನು 2018ರಲ್ಲಿ ವರದಿ ಮಾಡಿದರು. ಆ ಮಂಗಗಳು ಮನುಷ್ಯನ ಪ್ರತಿಕ್ರಿಯೆ ನೋಡಿಕೊಂಡೇ ಬೇಡುತ್ತವೆಯೇ ಎಂದು ಅವರು ಪರೀಕ್ಷಿಸಿದರು. ಉದ್ದೇಶದ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡ ಅಂಥ ಪರೀಕ್ಷೆ ಇಗ್ವಾಸುವಿನ ಸುಳ್ಳು ಕೂಗಿಗೂ ಬೇಕು.

ಈ ವಿಷಯದಲ್ಲಿ ಆಸಕ್ತಿಯುಳ್ಳವರಿಗೆ ಒಂದು ಮಾತು: 2009ರ ಪ್ರಬಂಧವನ್ನಷ್ಟೇ ಓದಿ ನಿಲ್ಲಿಸಬೇಡಿ, 2013 ಮತ್ತು 2014ರವನ್ನೂ ಜೊತೆಗಿಟ್ಟುಕೊಂಡು ಓದಿ.