ಸೊಸೆಯೇ ಹೆಂಡತಿಯಾದಾಗ: ಸೇಡಂ ಸೀಮೆಯ ಬಂಧುವಾಚಕಗಳು ಮತ್ತು ಡ್ಯೂಮೊ ಅವರ ವಾದ

ದ್ರಾವಿಡ ಬಂಧುವಾಚಕಗಳು ವಿವಾಹದ ಅಭಿವ್ಯಕ್ತಿ ಎಂಬುದು ಲೂಯಿ ಡ್ಯೂಮೊ ಅವರು 1953ರಲ್ಲಿ ಮಂಡಿಸಿದ ವಾದ. ತಾಯಿಯ ಸೋದರನೂ ಹೆಂಡತಿಯ ತಂದೆಯೂ ‘ಮಾವ’. ತಂದೆಯ ಸೋದರಿಯೂ ಹೆಂಡತಿಯ ತಾಯಿಯೂ ‘ಅತ್ತೆ’. ಅವರ ದೃಷ್ಟಿಯಲ್ಲಿ ಇದು ಆಕಸ್ಮಿಕವಲ್ಲ. ಪ್ರತಿ ತಲೆಮಾರಿನಲ್ಲಿಯೂ ಬಂಧುಗಳು ರಕ್ತಸಂಬಂಧಿಗಳು, ವಿವಾಹಸಂಬಂಧಿಗಳು ಎಂದು ಎರಡಾಗಿ ನಿಲ್ಲುತ್ತಾರೆ. ತಮಿಳುನಾಡಿನ ಪ್ರಮಲೈ ಕಳ್ಳರ ನಡುವೆ ಕ್ಷೇತ್ರಕಾರ್ಯ ನಡೆಸಿದವರ ಈ ವಾದವು ಕನ್ನಡಕ್ಕೂ ಬಹುಮಟ್ಟಿಗೆ ಹೊಂದುತ್ತದೆ. ಆದರೆ ಸೇಡಂ, ಚಿತ್ತಾಪುರ, ಚಿಂಚೋಳಿಗಳ ಬಳಕೆಯನ್ನು ಎದುರಿಗಿಟ್ಟರೆ ಅದರ ತಲೆಮಾರಿನ ಗೆರೆ ಅಲುಗುತ್ತದೆ.

ಈ ಸೀಮೆಯಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿಯುಂಟು. 1955ರ ಹಿಂದೂ ವಿವಾಹ ಕಾಯ್ದೆಯು ಇದನ್ನು ನಿಷಿದ್ಧ ಸಂಬಂಧಗಳಲ್ಲಿ ಎಣಿಸಿಯೂ ರೂಢಿಗೆ ವಿನಾಯಿತಿ ನೀಡಿದೆ. ಪದವ್ಯವಸ್ಥೆ ಮಾತ್ರ ಅಷ್ಟು ಉದಾರವಲ್ಲ. ಗಂಡಸಿಗೆ ಅಕ್ಕನ ಮಗಳು ‘ಸೊಸೆ’. ಮಗನ ಹೆಂಡತಿಯೂ ‘ಸೊಸೆ’. ಪದದ ಲೆಕ್ಕದಲ್ಲಿ ಆಕೆ ಮಗನಿಗೆ ಮೀಸಲು, ರೂಢಿಯಲ್ಲಿ ಮಾವನೇ ಕೈಹಿಡಿಯುತ್ತಾನೆ. ಆಗ ವಧುವಿಗೆ ಗಂಡನ ತಾಯಿ ತನ್ನ ತಾಯಿಯ ತಾಯಿಯೇ. ಹುಟ್ಟಿದಂದಿನಿಂದ ‘ಆಯಿ’ ಎಂದು ಕರೆದವಳನ್ನು ಆಕೆ ಮರುದಿನದಿಂದ ‘ಅತ್ತಿ’ ಎನ್ನುವಳೇ? ವರನಿಗೆ ಅತ್ತೆಯಾಗಬೇಕಾದವಳು ಅಕ್ಕ. ಇತ್ತ ಅಕ್ಕನ ಗಂಡನನ್ನು ಮೊದಲೇ ‘ಮಾಮಾ’ ಎನ್ನುವ ಮನೆಗಳಲ್ಲಿ ಆ ಪದ ಬದಲಾಗಬೇಕಾದ ಪ್ರಮೇಯವೇ ಇಲ್ಲ. ಅಂದರೆ ಒಂದೇ ಮದುವೆಯನ್ನು ಒಂದು ಪದ ಮುಂಚಿತವಾಗಿ ಒಪ್ಪಿಕೊಂಡಿದೆ, ಇನ್ನೊಂದು ಒಪ್ಪಿಲ್ಲ. ಅಡ್ಡ ಸೋದರಿಕೆಯ ಮದುವೆಯನ್ನೇ ವ್ಯವಸ್ಥೆಯ ತಿರುಳೆಂದು ಕಂಡ ಟ್ರೌಟ್‌ಮನ್ನರ 1981ರ ಕೃತಿಯನ್ನು ನೆಚ್ಚಿಯೂ ಈ ಅಸಮತೆಯನ್ನು ಬಿಡಿಸಲಾಗದು ಎಂಬುದು ನಮ್ಮ ಅಭಿಪ್ರಾಯ.

ಡ್ಯೂಮೊ ಅವರ ಪರವಾಗಿಯೂ ಒಂದು ಮಾತನ್ನು ಹೇಳಬೇಕು. ಮರಾಠಿಯಲ್ಲಿ ‘ಕಾಕಾ’ ಎಂದರೆ ತಂದೆಯ ಸೋದರ, ಹಿರಿಯನಿರಲಿ ಕಿರಿಯನಿರಲಿ. ಈ ಭಾಗದ ಕನ್ನಡಕ್ಕೆ ಬಂದ ‘ಕಾಕಾ’ ಚಿಕ್ಕಪ್ಪನ ಸ್ಥಾನವನ್ನಷ್ಟೇ ಹಿಡಿಯಿತು. ದೊಡ್ಡಪ್ಪ ಹಾಗೆಯೇ ಉಳಿದ. ಎರವಲು ಪದ ಹಳೆಯ ಚೌಕಟ್ಟಿಗೆ ತಲೆಬಾಗಿದೆ. ಶಹಾಬಾದ, ವಾಡಿಗಳ ದಖನಿ ಮಾತಿನ ನೆರೆಹೊರೆಯಲ್ಲಿ ‘ಖಾಲಾ’ನ ಮಗಳು ವಧುವಾಗಬಹುದು, ಕನ್ನಡದಲ್ಲಿ ಚಿಗವ್ವನ ಮಗಳು ತಂಗಿಯೇ. ‘ಮಾಮು’, ‘ಮಾಮಾ’ಗಳ ಧ್ವನಿಸಾಮ್ಯವನ್ನು ವ್ಯವಸ್ಥೆಯ ಸಾಮ್ಯವೆಂದು ಬಗೆಯುವುದು ಸಲ್ಲದು.

ನಮ್ಮ ಮುಖ್ಯ ಆಕ್ಷೇಪ ವಿಧಾನದ ಕುರಿತಾದುದು. ‘ಗಂಡನ ತಾಯಿಗೆ ಏನೆನ್ನುತ್ತಾರೆ?’ ಎಂಬ ಪ್ರಶ್ನಾವಳಿಗೆ ‘ಅತ್ತಿ’ ಎಂಬ ಉತ್ತರವೇ ದೊರೆಯುತ್ತದೆ, ಅದೂ ಹೆಚ್ಚಾಗಿ ಮನೆಯ ಹಿರಿಯ ಗಂಡಸಿನಿಂದ. ಅದು ನಿರ್ದೇಶನದ ಪದ, ಸಂಬೋಧನೆಯದಲ್ಲ. ಸೋದರಮಾವನನ್ನೇ ಮದುವೆಯಾದ ಹೆಣ್ಣುಮಗಳು ಅಡುಗೆಮನೆಯಿಂದ ಆಯಿಯನ್ನು ಕೂಗುವ ಮಾತು ಆ ಪಟ್ಟಿಯಲ್ಲಿ ಎಲ್ಲಿಯೂ ದಾಖಲಾಗುವುದಿಲ್ಲ.