ವಿನ್ಯಾಸ ಸಂಶೋಧನೆಯಲ್ಲಿ ಲಕ್ಷ್ಯ ಮತ್ತು ಲಕ್ಷಣ

ವ್ಯಾಕರಣಶಾಸ್ತ್ರದಲ್ಲಿ ಲಕ್ಷ್ಯವೆಂದೂ ಲಕ್ಷಣವೆಂದೂ ಎರಡು ಮಾತುಗಳುಂಟು. ಕವಿಗಳ ಮತ್ತು ಜನರ ಪ್ರಯೋಗ ಲಕ್ಷ್ಯ. ಆ ಪ್ರಯೋಗವನ್ನು ಕಂಡು ಶಾಸ್ತ್ರಕಾರನು ಕಟ್ಟುವ ಸೂತ್ರ ಲಕ್ಷಣ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸುವಾಗ ಹಿಂದಿನ ಕವಿಗಳನ್ನು ಹೆಸರಿಸಿ, ಅವರ ಮಾರ್ಗವೇ ತನಗೆ ಲಕ್ಷ್ಯವೆಂದು ಹೇಳಿಕೊಂಡಿದ್ದಾನೆ. ಲಕ್ಷ್ಯದ ಬೆಂಬಲವಿಲ್ಲದ ಲಕ್ಷಣ ಎಷ್ಟೇ ಅಚ್ಚುಕಟ್ಟಾಗಿದ್ದರೂ ಗ್ರಾಹ್ಯವಲ್ಲ. ಎಂಜಿನಿಯರಿಂಗ್ ವಿನ್ಯಾಸದ ವಿಧಾನಗಳನ್ನು ಕುರಿತ ಸಂಶೋಧನೆಯನ್ನು ತೂಗಿ ನೋಡುವುದಕ್ಕೂ ಈ ವಿವೇಕವೇ ತಕ್ಕ ತಕ್ಕಡಿಯೆಂದು ನಾವು ಭಾವಿಸುತ್ತೇವೆ.

ಈ ಶಾಸ್ತ್ರದ ಆಯುಸ್ಸು ದೀರ್ಘವಾದುದಲ್ಲ. ಯಂತ್ರಗಳನ್ನು ವಿನ್ಯಾಸಮಾಡುವವರು ಹಿಂದಿನಿಂದಲೂ ಇದ್ದರು. ಆದರೆ ವಿನ್ಯಾಸಕಾರನು ಹೇಗೆ ಆಲೋಚಿಸುತ್ತಾನೆ, ಹೇಗೆ ಆಲೋಚಿಸಿದರೆ ಮೇಲು ಎಂಬುದನ್ನೇ ವ್ಯಾಸಂಗದ ವಸುವಾಗಿ ಎತ್ತಿಕೊಳ್ಳುವ ಪ್ರಯತ್ನ ಬಲಗೊಂಡದ್ದು 1962ರಲ್ಲಿ ಲಂಡನ್ನಿನಲ್ಲಿ ನಡೆದ ವಿನ್ಯಾಸ ವಿಧಾನಗಳ ಸಮ್ಮೇಳನದಿಂದೀಚೆಗೆ. ಎರಡು ವರ್ಷಗಳಲ್ಲಿ ಕ್ರಿಸ್ಟೋಫರ್ ಅಲೆಗ್ಸಾಂಡರನು ರೂಪರಚನೆಗೆ ಗಣಿತದ ಕ್ರಮವನ್ನು ಅನ್ವಯಿಸಿ ಗ್ರಂಥ ಬರೆದನು. 1971ರಲ್ಲಿ ಅದೇ ಗ್ರಂಥಕ್ಕೆ ಹೊಸ ಮುನ್ನುಡಿ ಬರೆದು, ಮಾಡುವ ಕೆಲಸದಿಂದ ಬೇರ್ಪಡಿಸಿದ ವಿಧಾನಶಾಸ್ತ್ರವನ್ನು ತಾನೇ ನಿರಾಕರಿಸಿದನು. 1977ರಲ್ಲಿ ಜರ್ಮನಿಯ ಪಾಲ್ ಮತ್ತು ಬೈಟ್ಸ್ ಎಂಬ ಪ್ರಾಧ್ಯಾಪಕರು ಯಂತ್ರವಿನ್ಯಾಸದ ಹಂತಗಳನ್ನು ಸಾಂಗವಾಗಿ ನಿರೂಪಿಸಿದರು. ಹೀಗೆ ಲಕ್ಷಣಗ್ರಂಥಗಳು ಹೆಚ್ಚಿದುವು. ಅವುಗಳಿಂದ ವಿನ್ಯಾಸಕಾರನ ಕೆಲಸ ಎಷ್ಟು ಸುಧಾರಿಸಿತೆಂಬ ಪ್ರಶ್ನೆ ಮಾತ್ರ ಹಿಂದೆ ಉಳಿಯಿತು.

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಒಂದು ಗ್ರಂಥಕ್ಕೂ ನಮ್ಮ ನಗರಕ್ಕೂ ನಿಕಟವಾದ ಸಂಬಂಧವಿದೆ. ಲೂಸಿಯೆನ್ ಬ್ಲೆಸಿಂಗ್ ಮತ್ತು ಅಮರೇಶ್ ಚಕ್ರಬರ್ತಿಯವರು 2009ರಲ್ಲಿ ಪ್ರಕಟಿಸಿದ ‘ಡಿ.ಆರ್.ಎಂ.’ ಎಂಬ ವಿನ್ಯಾಸ ಸಂಶೋಧನಾ ವಿಧಾನಶಾಸ್ತ್ರವೇ ಅದು. ಇವರಲ್ಲಿ ಎರಡನೆಯವರು ಯಶವಂತಪುರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಉತ್ಪನ್ನ ವಿನ್ಯಾಸ ಮತ್ತು ತಯಾರಿಕಾ ಕೇಂದ್ರದಲ್ಲಿದ್ದು ಈ ಕೆಲಸವನ್ನು ನಡೆಸಿದವರು. ಯಂತ್ರವೊಂದರ ಅಥವಾ ಜೀವಿಯೊಂದರ ಕಾರ್ಯವನ್ನು ಭಾಗ, ಅಂಗ, ಆದಾನ, ಭೌತನಿಯಮ, ವಿದ್ಯಮಾನ, ಸ್ಥಿತಿಯ ಬದಲಾವಣೆ, ಕ್ರಿಯೆ ಎಂಬ ಏಳು ಪದಗಳಲ್ಲಿ ವಿವರಿಸುವ ‘ಸಫೈರ್’ ಮಾದರಿಯೂ 2005ರಲ್ಲಿ ಅಲ್ಲಿಂದಲೇ ಹೊರಬಂದಿತು.

ಗ್ರಂಥಕರ್ತರು ತಮ್ಮ ಕ್ಷೇತ್ರದ ಕೊರತೆಗಳನ್ನು ಮುಚ್ಚಿಡುವುದಿಲ್ಲ. ಹಿಂದಿನ ಕೆಲಸದ ಸಮಗ್ರ ಪರಿಚಯವಿಲ್ಲ, ಫಲಿತಾಂಶಗಳು ವೃತ್ತಿಯಲ್ಲಿ ಬಳಕೆಗೆ ಬರುತ್ತಿಲ್ಲ, ಶಾಸ್ತ್ರೀಯವಾದ ಕಟ್ಟುನಿಟ್ಟು ಸಾಲದು ಎಂಬ ಮೂರು ಕುಂದುಗಳನ್ನು ಎತ್ತಿ ತೋರಿಸಿ, ಪರಿಹಾರವಾಗಿ ನಾಲ್ಕು ಹಂತಗಳನ್ನು ವಿಧಿಸುತ್ತಾರೆ. ಮೊದಲನೆಯದು ಸಂಶೋಧನೆಯ ಗುರಿಯನ್ನು ಸ್ಪಷ್ಟಪಡಿಸಿಕೊಳ್ಳುವುದು. ಎರಡನೆಯದು ವಿನ್ಯಾಸ ಈಗ ಹೇಗೆ ನಡೆಯುತ್ತಿದೆಯೆಂಬ ವರ್ಣನೆ. ಮೂರನೆಯದು ಅದನ್ನು ಉತ್ತಮಪಡಿಸುವ ವಿಧಾನದ ಅಥವಾ ಸಲಕರಣೆಯ ನಿರ್ಮಾಣ. ನಾಲ್ಕನೆಯದು ಆ ವಿಧಾನದಿಂದ ಆದ ಪರಿಣಾಮದ ವರ್ಣನೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಎರಡನೆಯ ಹಂತ ಲಕ್ಷ್ಯದ ಪರಿಶೀಲನೆ, ಮೂರನೆಯದು ಲಕ್ಷಣದ ರಚನೆ. ನಾಲ್ಕನೆಯದರಲ್ಲಿ ಲಕ್ಷಣವು ಲಕ್ಷ್ಯದ ಮುಂದೆ ಮತ್ತೆ ಬಂದು ನಿಂತು ಸಾಕ್ಷಿ ಹೇಳಬೇಕು. ಸಂಶೋಧಕನು ತನ್ನ ಸಫಲತೆಯ ಮಾನದಂಡವನ್ನು ಮೊದಲೇ ಹೇಳಿರಬೇಕೆಂಬ ನಿಯಮ ಈ ಗ್ರಂಥದ ಬೆನ್ನೆಲುಬು. ಇದಕ್ಕಾಗಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಅದಕ್ಕೆ ಋಣಿಗಳಾಗಿರಬೇಕು.

ಆದರೆ ಎರಡು ವಿಷಯಗಳಲ್ಲಿ ನಮಗೆ ಸಮಾಧಾನವಿಲ್ಲ.

ಒಂದನೆಯದು ಅಳತೆಯ ಪ್ರಶ್ನೆ. ಉತ್ತಮ ವಸ್ತು ಮಾರುಕಟ್ಟೆಗೆ ಬಂದು ಜನರಿಗೆ ಉಪಯೋಗವಾಗಬೇಕೆಂಬ ದೂರದ ಗುರಿಯನ್ನು ಒಂದು ಸಂಶೋಧನೆಯ ಅವಧಿಯಲ್ಲಿ ಅಳೆಯುವುದು ದುಸ್ಸಾಧ್ಯ. ಆದುದರಿಂದ ಅದರ ಸ್ಥಾನದಲ್ಲಿ ಅಳೆಯಲು ಬರುವ ಹತ್ತಿರದ ಗುರುತೊಂದನ್ನು ಇಟ್ಟುಕೊಳ್ಳಬಹುದೆಂದು ಗ್ರಂಥ ಅನುಮತಿಸುತ್ತದೆ. ಎರಡಕ್ಕೂ ನಡುವಣ ಕಾರ್ಯಕಾರಣ ಸಂಬಂಧವನ್ನು ತೋರಿಸಬೇಕೆಂಬ ಎಚ್ಚರಿಕೆಯೂ ಅಲ್ಲಿದೆ. ಆದರೂ ಒಂದು ಗಂಟೆಯಲ್ಲಿ ವಿದ್ಯಾರ್ಥಿಯೊಬ್ಬನು ಎಷ್ಟು ಕಲ್ಪನೆಗಳನ್ನು ಕಾಗದಕ್ಕಿಳಿಸಿದನೆಂದು ಎಣಿಸುವುದು ಸುಲಭ. ಆ ಕಲ್ಪನೆಗಳಲ್ಲಿ ಒಂದಾದರೂ ವಸ್ತುವಾಗಿ ನಿಂತಿತೇ ಎಂದು ಕಾದು ನೋಡುವುದು ಕಷ್ಟ. ಸುಲಭವಾದುದು ಕ್ರಮೇಣ ಗುರಿಯ ಪೀಠವನ್ನೇ ಏರಿ ಕುಳಿತುಕೊಳ್ಳುತ್ತದೆ.

ಎರಡನೆಯದು ಕೊನೆಯ ಹಂತಕ್ಕೆ ಕೊಟ್ಟಿರುವ ರಿಯಾಯಿತಿ. ಗ್ರಂಥವು ಸಂಶೋಧನೆಗಳಲ್ಲಿ ಏಳು ಬಗೆಗಳನ್ನು ಹೇಳುತ್ತದೆ. ಏಳನೆಯ ಬಗೆಯಲ್ಲಿ ಮಾತ್ರ ಕೊನೆಯ ಮೂರು ಹಂತಗಳೂ ಸಮಗ್ರವಾಗಿ ನಡೆಯುತ್ತವೆ. ಉಳಿದ ಕೆಲವು ಬಗೆಗಳಲ್ಲಿ ಪರಿಣಾಮದ ಪರಿಶೀಲನೆ ‘ಆರಂಭಿಕ’ವಾಗಿದ್ದರೆ ಸಾಕು. ಒಬ್ಬ ವಿದ್ಯಾರ್ಥಿಯ ಕಾಲವೂ ಹಣವೂ ಮಿತವಾದುವು. ಆದುದರಿಂದ ಈ ಅನುಮತಿ ನ್ಯಾಯವಾದುದೇ. ಆದರೆ ಒಬ್ಬನು ಆರಂಭಿಸಿ ಬಿಟ್ಟುದನ್ನು ಮತ್ತೊಬ್ಬನು ಮುಂದುವರಿಸಿದರೆ ತಾನೆ ಆರಂಭವೆಂಬ ಮಾತಿಗೆ ಅರ್ಥ? ಪ್ರತಿಯೊಬ್ಬನೂ ಹೊಸ ವಿಧಾನವೊಂದನ್ನು ಕಟ್ಟಿ ಪದವಿ ಪಡೆದುಹೋದರೆ, ಸೂತ್ರಗಳ ರಾಶಿ ಬೆಳೆಯುತ್ತದೆ, ಉದಾಹರಣೆಗಳ ಕಣಜ ಬರಿದಾಗಿಯೇ ಇರುತ್ತದೆ.

ಕೊನೆಯ ಹಂತದ ಬೆಲೆ ಏನೆಂಬುದನ್ನು ಅದೇ ಸಂಸ್ಥೆಯ ಇನ್ನೊಂದು ಕೆಲಸದಿಂದ ತಿಳಿಯಬಹುದು. 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಅಲ್ಲಿ ‘ಅಸ್ತ್ರ’ವೆಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಹುಟ್ಟಿತು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮ ಅದರ ಕಾರ್ಯಕ್ಷೇತ್ರಗಳಲ್ಲೊಂದಾಯಿತು. ಅಲ್ಲಿಂದ ಬಂದ ಅಸ್ತ್ರ ಒಲೆಯನ್ನು ಕರ್ನಾಟಕದ ಹಳ್ಳಿಗಳು ಬಲ್ಲವು. ಒಲೆ ಒಂದು ವಸ್ತು, ವಿನ್ಯಾಸದ ವಿಧಾನವಲ್ಲವೆಂದು ಆಕ್ಷೇಪಿಸಬಹುದು. ಆದರೆ ವಿಧಾನವೂ ಮತ್ತೊಬ್ಬರ ಕೈಗೆ ಕೊಡುವ ಉಪಕರಣವೇ ಆದುದರಿಂದ ಹೋಲಿಕೆ ಸಲ್ಲುತ್ತದೆ. ಗ್ರಂಥ ಹೇಳುವ ಮೂರು ಬಗೆಯ ಮೌಲ್ಯಮಾಪನಗಳೂ ಇಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಪ್ರಯೋಗಶಾಲೆಯಲ್ಲಿ ನೀರು ಕುದಿಸಿ, ಎಷ್ಟು ಸೌದೆಗೆ ಎಷ್ಟು ಶಾಖ ಪಾತ್ರೆಗೆ ಸೇರಿತೆಂದು ನೋಡುವುದು ಉಪಕರಣದ ಪರೀಕ್ಷೆ. ಊರಿನ ಗಾರೆಯವನು ಅಳತೆ ತಪ್ಪದೆ ಅದನ್ನು ಕಟ್ಟಬಲ್ಲನೇ, ಮುದ್ದೆ ತೊಳಸುವಾಗ ಪಾತ್ರೆ ಅಲುಗದೆ ನಿಲ್ಲುವುದೇ, ಮನೆಯಾಕೆ ಸೌದೆಯನ್ನು ಸಣ್ಣಗೆ ಸೀಳಿ ಒಡ್ಡುವಳೇ ಎಂಬುದು ಬಳಕೆಯ ಪರೀಕ್ಷೆ. ವರ್ಷ ಕಳೆದ ಮೇಲೆ ಸೌದೆ ನಿಜವಾಗಿ ಉಳಿಯಿತೇ, ಅಡುಗೆಮನೆಯ ಹೊಗೆ ತಗ್ಗಿತೇ ಎಂಬುದು ಸಫಲತೆಯ ಪರೀಕ್ಷೆ. ಮೊದಲನೆಯದರಲ್ಲಿ ಗೆದ್ದ ಒಲೆ ಉಳಿದೆರಡರಲ್ಲಿಯೂ ಗೆಲ್ಲುವುದೆಂಬ ನಿಯಮವೇನೂ ಇಲ್ಲ. ಒಲೆಯ ವಿಷಯದಲ್ಲಿ ಇದನ್ನು ಯಾರೂ ಒಪ್ಪುತ್ತಾರೆ. ವಿಧಾನದ ವಿಷಯದಲ್ಲಿ ಏಕೆ ಮರೆಯಬೇಕು?

ಬಳಕೆಯ ಪರೀಕ್ಷೆಗೆ ನಾವು ದೂರ ಹೋಗಬೇಕಾಗಿಯೂ ಇಲ್ಲ. ಯಶವಂತಪುರವನ್ನು ದಾಟಿದರೆ, 1970ರ ದಶಕದಿಂದ ಬೆಳೆದುಬಂದ ಪೀಣ್ಯ ಕೈಗಾರಿಕಾ ಪ್ರದೇಶದ ಸಾವಿರಾರು ಸಣ್ಣ ಕಾರ್ಖಾನೆಗಳು ಸಿಗುತ್ತವೆ. ಇಂಥ ಕಾರ್ಖಾನೆಗಳಲ್ಲಿ ವಿನ್ಯಾಸವೆಂಬುದಕ್ಕೆ ಬೇರೆ ಕೊಠಡಿ ಇರಬೇಕೆಂದಿಲ್ಲ. ಗಿರಾಕಿ ಮುರಿದ ಭಾಗವೊಂದನ್ನು ತಂದಿಡುತ್ತಾನೆ. ಫೋರ್‌ಮನ್ ಅದನ್ನು ವರ್ನಿಯರ್‌ನಿಂದ ಅಳೆದು, ಸವೆದುದೆಷ್ಟು, ಮೊದಲು ಇದ್ದುದೆಷ್ಟೆಂದು ಊಹಿಸಿ, ಲೇತಿನವನೊಡನೆ ಮಾತಾಡುತ್ತಲೇ ಹೊಸ ರೂಪವನ್ನು ನಿಶ್ಚಯಿಸುತ್ತಾನೆ. ಸಮಸ್ಯೆಯನ್ನು ಅರಿಯುವುದು, ಪರ್ಯಾಯಗಳನ್ನು ಹುಡುಕುವುದು, ಆರಿಸುವುದು ಎಲ್ಲವೂ ಇಲ್ಲಿ ಉಂಟು. ಗ್ರಂಥದ ಹಂತಗಳ ವಿಂಗಡಣೆ ಮಾತ್ರ ಇಲ್ಲ. ಪ್ರಯೋಗಶಾಲೆಯ ಮೇಜಿನ ಮುಂದೆ ಕುಳಿತು ಗಟ್ಟಿಯಾಗಿ ಆಲೋಚಿಸುವ ವಿದ್ಯಾರ್ಥಿಯೊಬ್ಬನನ್ನೇ ಲಕ್ಷ್ಯವಾಗಿಟ್ಟುಕೊಂಡ ಶಾಸ್ತ್ರ ಈ ಕೆಲಸಗಾರನಿಗೆ ಹೇಗೆ ಅನ್ವಯವಾದೀತು?

ಯಲಹಂಕ, ಹೆಬ್ಬಾಳಗಳ ಸುತ್ತ ಎಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ. ಅಲ್ಲಿಯ ಅಧ್ಯಾಪಕರಲ್ಲಿ ನಮ್ಮದೊಂದು ಸೂಚನೆ. ಅಂತಿಮ ವರ್ಷದ ಪ್ರತಿಯೊಂದು ತಂಡವೂ ಹೊಸದನ್ನೇ ಕಟ್ಟಬೇಕೆಂಬ ಹಟ ಬೇಡ. ಹಿಂದಿನವರು ರೂಪಿಸಿದ ವಿಧಾನವೊಂದನ್ನು ಒಂದು ತಂಡ ಕಾರ್ಖಾನೆಗೆ ಒಯ್ದು, ಅಲ್ಲಿಯವರು ಅದನ್ನು ಬಳಸಿದರೇ, ಬಿಟ್ಟರೇ, ಬಿಟ್ಟರೆ ಏಕೆ ಎಂದು ಬರೆದು ತಂದರೆ, ಅದಕ್ಕೂ ಹೊಸ ನಿರ್ಮಾಣಕ್ಕೆ ಸಲ್ಲುವಷ್ಟೇ ಅಂಕ ಸಲ್ಲಬೇಕು. ವಿಧಾನ ವಿಫಲವಾಯಿತೆಂಬ ವರದಿಯೂ ಶಾಸ್ತ್ರಕ್ಕೆ ಲಾಭವೇ. ಅಂಥ ವರದಿಯನ್ನು ತಂದವನು ಪರೀಕ್ಷೆಯಲ್ಲಿ ಸೋಲುವಂತಿದ್ದರೆ, ಸುಳ್ಳು ಸಫಲತೆಗಳನ್ನು ಬರೆಯಲು ನಾವೇ ಕಲಿಸಿಕೊಟ್ಟಂತಾಗುತ್ತದೆ.

ಬ್ಲೆಸಿಂಗ್ ಮತ್ತು ಚಕ್ರಬರ್ತಿಯವರ ಗ್ರಂಥ ನಾಲ್ಕನೆಯ ಹಂತಕ್ಕೆ ಬಾಗಿಲನ್ನು ತೆರೆದಿಟ್ಟಿದೆ. ಆ ಬಾಗಿಲನ್ನು ದಾಟುವುದು ಓದುಗರ ಹೊಣೆ.